ಝೆಂಡಾದ ಕೆಳಗ ಯಾರ ಬಾಟಲಿ?

ಹೋದ ಆಗಸ್ಟ್ 15ಕ್ಕ ಹತ್ತರದ ಊರಿನ ಒಂದು ಸಾಲಿಯವರು ದೇಶದ ಪದ ಹಾಡಾಕ ನನ್ನನ್ನ ಕರದಿದ್ರು. ಜಿಟಿಜಿಟಿ ಮಳಿ ಹಿಡಿದಿತ್ತು. ಹುಡುಗರು ತೊಯ್ಸಿಕೊಂಡು ಸಾಲಾಗಿ ನಿಂತಿದ್ರು. ಝೆಂಡಾ ಏರಿತು, ಹೂ ಉದುರಿದವು, ನಾನು ದಪ್ಪು ಬಾರಿಸಿ ಸ್ವದೇಶಿಯ ಮ್ಯಾಲೆ ಒಂದು ಪದ ಹಾಡಿದೆ. ಪದ ಮುಗಿಯೂದ್ರಾಗ ಟೆಂಪೋ ಬಂತು. ಅದರಾಗಿಂದ ಕೋಲ್ಡ್ರಿಂಕಿನ ಬಾಟಲಿಗಳ ಕಟ್ಟು ಇಳದವು. ಒಬ್ಬ ದಾನಿ ಕೊಡಿಸಿದ್ದಂತ. ಮಳಿಯಾಗ ನಡುಗೂ ಹುಡುಗರ ಕೈಯಾಗ ತಣ್ಣನ್ನ ಬಾಟಲಿ ಕೊಟ್ರು. ನನಗೂ ಒಂದು ಕೊಟ್ರು. "ಅಜ್ಜಾ, ಹಾಡಿ ಗಂಟಲ ಒಣಗಿರಬೇಕು, ಕುಡೀರಿ" ಅಂದ್ರು.

ನಾನು ಆ ಬಾಟಲಿ ಕೈಯಾಗ ಹಿಡಕೊಂಡು ನಿಂತೆ. ಈಗಷ್ಟೆ ನಾನು ಹಾಡಿದ ಪದದಾಗ ಗಾಂಧಿ ಇದ್ದ, ಚರಕಾ ಇತ್ತು, ಪರದೇಶಿ ಅರಿವಿ ಸುಟ್ಟ ಹೋಳಿ ಇತ್ತು. ಹಾಡಿದವನ ಕೈಯಾಗ ಪರದೇಶಿ ಬಾಟಲಿ! ಯಾರೂ ನಗಲಿಲ್ಲ. ಯಾರಿಗೂ ಇದು ವಿಚಿತ್ರ ಅನಿಸಲೇ ಇಲ್ಲ. ನನಗ ಹೆಚ್ಚು ಚುಚ್ಚಿದ್ದು ಅದೇ.

ನಾನು ಏಳನೆಯ ಇಯತ್ತೆ ಮುಗಿಸಿದ ಒಕ್ಕಲಿಗ. ಮೂರು ಎಕರೆ ಹೊಲ, ಅದರಾಗ ಅರ್ಧ ಕಬ್ಬು. ದೊಡ್ಡ ಮಾತು ಬರಿಯೂದು ನನ್ನ ಕೆಲಸ ಅಲ್ಲ. ಆದ್ರ ವಾಚನಾಲಯದವರು ಈ ಪುಸ್ತಕಕ್ಕ ಒಂದು ಲೇಖನ ಕೊಡ್ರಿ ಅಂದಾಗ, ಆ ಬಾಟಲಿಯ ಮಾತೇ ಬರೀಬೇಕು ಅಂತ ಮನಸು ಹಟ ಹಿಡೀತು. ಓದುವ ಮಾಸ್ತರರು ತಪ್ಪಿದ್ದಲ್ಲಿ ತಿದ್ದಬೇಕು. ಸರಿ ಇದ್ದಲ್ಲಿ ಮಾತ್ರ ಸುಮ್ಮನ ಓದಿ ಮುಚ್ಚಿಡಬಾರದು.

ಅದೇ ದಿನ ಸಂಜೀಕ ಕಟ್ಟಿ ಮ್ಯಾಲೆ ಕೂತಾಗ ಇನ್ನೊಂದು ಸಂಗತಿ ತಿಳೀತು. ನಮ್ಮ ತರುಣರು ನಾಕೈದು ಮಂದಿ 14ನೇ ತಾರೀಖಿಗೇ ಬಿಯರ್ ತಂದು ಮುಚ್ಚಿಟ್ಟಿದ್ರು. ಯಾಕಂದ್ರ 15ಕ್ಕ ಡ್ರೈ ಡೇ. ನಮ್ಮ ಮಹಾರಾಷ್ಟ್ರದಾಗ ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಈ ಮೂರೂ ದಿನ ದಾರೂ ಅಂಗಡಿ ಬಂದ್. ನಾನು ಕೇಳಿದೆ: "ಯಾಕ್ರೋ ತಮ್ಮಾ, ಸರಕಾರ ವರ್ಷದಾಗ ಇದೊಂದು ದಿನ ಬ್ಯಾಡ ಅಂದ್ರ ನಿಮಗ ಅದೇ ದಿನ ಬೇಕಾತೇನು?" ಒಬ್ಬ ನಕ್ಕೋತ ಅಂದ: "ಕಾಕಾ, ಸಿಟ್ಟಾಗಬ್ಯಾಡ. ನೀನೇ ಸ್ವದೇಶಿ ಸ್ವದೇಶಿ ಅಂತ ಹಾಡತಿ. ನಾವು ತಂದದ್ದು ಪರದೇಶಿ ಅಲ್ಲ. ಕಿಂಗ್‌ಫಿಶರ್. ನಮ್ಮ ಕನ್ನಡದವರ ಬೆಂಗಳೂರಿಂದು."

ಮಾತು ಚುರುಕಾಗಿತ್ತು. ನನಗ ಒಮ್ಮೆಲೆ ಉತ್ತರ ತಿಳೀಲಿಲ್ಲ. ಮರುದಿನ ವಾಚನಾಲಯಕ್ಕ ಬಂದು ಮಾಸ್ತರರನ್ನ ಕೂಡಿಸಿಕೊಂಡು ಹಳೆಯ ಪೇಪರ್ ತಿರುವಿದೆ. ಆ ಕಂಪನಿ ಹುಟ್ಟಿದ್ದು 1915ರಾಗ. ಸ್ಥಾಪಿಸಿದವ ಒಬ್ಬ ಬಿಳಿಯ ಸಾಹೇಬ. ಸ್ವಾತಂತ್ರ್ಯ ಬರೂ ಹೊತ್ತಿಗೆ ಅದು ವಿಠಲ ಮಲ್ಯರ ಕೈಗೆ ಬಂತು. ಅಲ್ಲಿಂದ ಅದು ನಮ್ಮವರದಾತು ಅನ್ನೂದು ಖರೆ. ಆದ್ರ 2021ರಾಗ ನೆದರ್‌ಲ್ಯಾಂಡ್ಸ್ ದೇಶದ ಹೈನೆಕೆನ್ ಕಂಪನಿ ಅದರ ಅರ್ಧಕ್ಕೂ ಹೆಚ್ಚು ಪಾಲು ತಗೊಂಡಿತು. ಈಗ ನೂರಕ್ಕ ಅರವತ್ತೊಂದೂವರೆ ಪಾಲು ಅವರದು. ಬಾಟಲಿ ಮ್ಯಾಲಿನ ಮಿಂಚುಳ್ಳಿ ನಮ್ಮ ಹಳ್ಳದ್ದು, ಅದು ಹಿಡಿದ ಮೀನು ಮಾತ್ರ ಆಮ್‌ಸ್ಟರ್‌ಡ್ಯಾಮಿಗೆ ಹೋಗತೈತಿ. ಇದನ್ನ ಆ ಹುಡುಗಗ ಹೇಳಿದೆ. ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಪೂರಾ ನಮ್ಮದು ಅಂಬೂದು ಯಾವುದು ಐತಿ ಹೇಳು ಕಾಕಾ" ಅಂದ.

ಈ ಲೇಖನ ಆ ಪ್ರಶ್ನೆಗೆ ಉತ್ತರ.

ಮೊದಲು ಸಾಲಿಯಾಗ ಹಂಚಿದ ಕೋಲ್ಡ್ರಿಂಕಿನ ಸಂಗತಿ ನೋಡೋಣ. ನಾನು ಹುಡುಗ ಇದ್ದಾಗ, 1977ರಾಗ, ದಿಲ್ಲಿಯಾಗ ಜನತಾ ಸರಕಾರ ಬಂತು. ಉದ್ಯೋಗ ಮಂತ್ರಿ ನಮ್ಮ ಮಂಗಳೂರಾಗ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಪರದೇಶಿ ಕಂಪನಿ ಪಾಲು ಕಡಿಮಿ ಮಾಡಬೇಕು, ಭಾರತದವರಿಗೆ ಕೊಡಬೇಕು ಅಂತ ಕಾಯದೆ ಇತ್ತು. ಕೋಕಾ ಕೋಲಾದವರು ಒಪ್ಪಲಿಲ್ಲ, ಗಂಟು ಕಟ್ಟಿಕೊಂಡು ಹೋದ್ರು. ಆಗ ಸರಕಾರವೇ ಒಂದು ಪಾನೀಯ ಮಾಡಿಸಿತು. ಅದರ ಹೆಸರು ಡಬಲ್ ಸೆವೆನ್. ಅದರ ಪಾಕ ತಯಾರಿಸಿದ್ದು ಮೈಸೂರಿನ ಆಹಾರ ಸಂಶೋಧನಾಲಯ. ಅದು ಬಾಳ ದಿನ ನಡೀಲಿಲ್ಲ. ಅದೇ ವರ್ಷ ನಮ್ಮ ದೇಶದ ಪಾರ್ಲೆಯವರು ಥಮ್ಸ್ ಅಪ್ ತಂದ್ರು, ಅದು ಮನಿಮಾತಾತು. 1993ರಾಗ ಕೋಕಾ ಕೋಲಾ ತಿರುಗಿ ಬಂತು. ಬಂದ ವರ್ಷವೇ ಥಮ್ಸ್ ಅಪ್ಪನ್ನ ಕೊಂಡುಕೊಂಡಿತು. ಹೆಸರು ಹಂಗೇ ಉಳೀತು, ಮಾಲಕ ಬದಲಾದ. ನಮ್ಮ ಮಂದಿಗೆ ಇಂದಿಗೂ ಅದು ದೇಶಿ ಅನ್ನೂ ಭ್ರಮಾ ಐತಿ. ಹೊಲದ ಬದುವಿನ ಕಲ್ಲು ಅಲ್ಲೇ ಇರತೈತಿ, ಸಾತಬಾರಾ ಉತಾರದಾಗ ಹೆಸರು ಬದಲಾಗಿರತೈತಿ. ಉತಾರ ನೋಡದೆ ಹೊಲ ಕೊಳ್ಳೂ ಒಕ್ಕಲಿಗ ಇಲ್ಲ. ಬಾಟಲಿ ಕೊಳ್ಳೂವಾಗ ಮಾತ್ರ ನಾವು ನೋಡೂದಿಲ್ಲ.

ಇನ್ನು ಲೆಕ್ಕ ಮಾಡೋಣ. ಕಬ್ಬು ಬೆಳೆದವ ನಾನು, ಲೆಕ್ಕ ನನಗ ಬರತೈತಿ. ಇಂಥ ಬಾಟಲಿಯಾಗ ನೂರು ಮಿಲಿಲೀಟರಿಗೆ ಸುಮಾರು ಹತ್ತು ಗ್ರಾಂ ಸಕ್ಕರಿ ಇರತೈತಿ. ಬಾಟಲಿ ಮ್ಯಾಲೇ ಬರದಿರತಾರ, ಕನ್ನಡಕ ಹಾಕಿಕೊಂಡು ಓದ್ರಿ. ಅಂದ್ರ 250 ಮಿಲಿಯ ಬಾಟಲಿಯಾಗ 25 ಗ್ರಾಂ. ಇಷ್ಟು ಸಕ್ಕರಿಗೆ ಕಾಲು ಕಿಲೋ ಕಬ್ಬು ಸಾಕು. 2024–25ರ ಹಂಗಾಮಿಗೆ ಕೇಂದ್ರ ಸರಕಾರ ಹೇಳಿದ ಕಬ್ಬಿನ ದರ ಹತ್ತೂಕಾಲು ಉತಾರಕ್ಕ ಕ್ವಿಂಟಲಿಗೆ 340 ರೂಪಾಯಿ. ಕಿಲೋಕ್ಕ ಮೂರು ರೂಪಾಯಿ ನಲವತ್ತು ಪೈಸೆ. ಕಾಲು ಕಿಲೋಕ್ಕ 85 ಪೈಸೆ. ಇಪ್ಪತ್ತು ರೂಪಾಯಿಯ ಬಾಟಲಿಯಾಗ ಕಬ್ಬಿನವನ ಪಾಲು 85 ಪೈಸೆ! ಅದರಾಗೇ ಬೀಜ, ಗೊಬ್ಬರ, ನೀರಪಟ್ಟಿ. ಉಳಿದ ಹತ್ತೊಂಬತ್ತು ರೂಪಾಯಿ ನಮ್ಮ ಊರ ಸೀಮಿ ದಾಟಿ ಹೋತು. ಅಂಗಡಿಯವಗ ಒಂದೋ ಎರಡೋ ರೂಪಾಯಿ ಉಳಿದೀತು, ಅಷ್ಟೆ.

ಬಿಯರಿನ ಲೆಕ್ಕ ಇದಕ್ಕಿಂತ ಕೆಟ್ಟದ್ದು. ಬಿಯರ್ ಆಗೂದು ಜವೆಗೋದಿಯಿಂದ. ಅದು ಬೆಳೆಯೂದು ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದಾಗ. ನಮ್ಮ ಆಜರೆ ಗಡಹಿಂಗ್ಲಜ ಸೀಮಿಯ ಒಂದು ಕಾಳೂ ಅದರಾಗಿಲ್ಲ. ಇನ್ನು ರಮ್ಮು, ವಿಸ್ಕಿ ಅನ್ನೂವು ಬಹುತೇಕ ಕಬ್ಬಿನ ಮಳಿಯಿಂದ, ಅಂದ್ರ ಕಾಕಂಬಿಯಿಂದ ಆದ ಸ್ಪಿರಿಟ್ಟು. ಹಗಲಿಡೀ ಕಬ್ಬು ಕಡಿದವ ರಾತ್ರಿ ತನ್ನ ಕಬ್ಬಿನ ಎಂಜಲನ್ನೇ ನೂರಾರು ರೂಪಾಯಿ ಕೊಟ್ಟು ಕುಡೀತಾನ. ಇಂಥ ವ್ಯಾಪಾರ ಬ್ರಿಟಿಷರೂ ಮಾಡಿದ್ರು. ನಮ್ಮ ಹತ್ತಿ ಒಯ್ದು ನಮಗೇ ಅರಿವಿ ಮಾರಿದ್ರು.

ನಾನು ಕುಡಿದವ ಅಲ್ಲ ಅಂತ ಸುಳ್ಳು ಹೇಳೂದಿಲ್ಲ. ನಮ್ಮ ಗೀಗೀ ಮೇಳದಾಗ ಮೂರು ಮಂದಿ ಇದ್ವಿ. ನಾನು ದಪ್ಪು, ಒಬ್ಬ ತಾಳ, ಇನ್ನೊಬ್ಬ ತುಂತುಣಿ. ಜಾತ್ರಿಗೆ, ಮದವಿಗೆ ಕರದವರು ಬಿದಾಗಿ ಕಡಿಮಿ ಕೊಟ್ಟು, ಬಾಟಲಿ ಮುಂದ ಇಡತಿದ್ರು. "ಕಲಾವಿದರು, ಸ್ವಲ್ಪ ತಗೋರಿ, ದನಿ ಏರತೈತಿ" ಅನ್ನೂರು. ಬಿಯರಿಂದ ಸುರು ಆತು. ನಾನೂ ತಾಳದವನೂ ಹೆಂಗೋ ಬಿಟ್ವಿ. ತುಂತುಣಿಯವಗ ಬಿಡಾಕ ಆಗಲಿಲ್ಲ. ಅವನ ಹೆಸರು ಬರಿಯೂದಿಲ್ಲ, ಅವನ ಮಕ್ಕಳು ಇನ್ನೂ ನಮ್ಮ ಎದುರಿಗೆ ಓಡಾಡತಾರ. ನಲವತ್ನಾಲ್ಕಕ್ಕ ಹೊಟ್ಟಿ ಬಾತು ಹೋದ. ಹೋಗೂ ಮೊದಲು ತುಂತುಣಿ ಮಾರಿದ್ದ. ಅವನ ಹೆಂಡತಿ ಕಬ್ಬು ಕಡಿಯೂ ಗುಂಪಿನಾಗ ಹೋಗಿ ಮೂರು ಹುಡುಗರನ್ನ ದೊಡ್ಡವರನ್ನ ಮಾಡಿದಳು. ಅಂದಿನಿಂದ ನಮ್ಮ ಮೇಳದಾಗ ತುಂತುಣಿ ಇಲ್ಲ. ಪದ ಹಾಡೂವಾಗ ಆ ಜಾಗಾ ಖಾಲಿ ಕೇಳಸತೈತಿ.

ಅದಕ್ಕಂತ, "ದಾರೂ ಕುಡಿಯೂದಾದ್ರ ಸ್ವದೇಶಿ ದಾರೂ ಕುಡೀರಿ" ಅನ್ನೂ ಮಾತು ನನ್ನ ಬಾಯಾಗ ಬರೂದಿಲ್ಲ. ದೇಶ ಬಿಡಿಸಿಕೊಂಡ ಹಿರಿಯರೂ ಹಂಗ ಹೇಳಲಿಲ್ಲ. 1939ರಾಗ ಚಿತ್ರದುರ್ಗದ ಕಡೆ ತುರುವನೂರಾಗ ಮಂದಿ ಕೂಡಿ ಈಚಲ ಮರ ಕಡಿದು ಸತ್ಯಾಗ್ರಹ ಮಾಡಿದ್ರು, ನಿಜಲಿಂಗಪ್ಪನವರು ಅದಕ್ಕ ಜೈಲು ಕಂಡ್ರು. ಈಚಲ ಮರ ಪರದೇಶಿ ಏನು? ನಮ್ಮ ಮಣ್ಣಿನದೇ. ಆದ್ರ ಮನಿ ಮುರಿಯೂದು ನಮ್ಮದಾದ್ರೂ ಬ್ಯಾಡ ಅಂದ್ರು. ಜನವರಿ 26ಕ್ಕ ನಾವು ಯಾವ ಘಟನೆಯ ಹಬ್ಬ ಮಾಡತೀವೋ, ಆ ಘಟನೆಯ 47ನೇ ಕಲಮಿನಾಗ ಮಂದಿಯ ಆರೋಗ್ಯ ಕೆಡಿಸೂ ಮಾದಕ ವಸ್ತು ತಡೀಬೇಕು ಅಂತ ಬರದೈತಿ. ಮಹಾರಾಷ್ಟ್ರದಾಗ ಇಪ್ಪತ್ತೊಂದು ವರ್ಷ ತುಂಬದವಗ ಬಿಯರ್ ಮಾರಬಾರದು ಅಂತ ಕಾಯದೆ ಐತಿ. ಊರಿನ ಹೆಣ್ಣುಮಕ್ಕಳು ಮತದಾನ ಮಾಡಿ "ಆಡವಿ ಬಾಟಲಿ" ಅಂದ್ರ ಅಂಗಡಿಯನ್ನೇ ಮುಚ್ಚಿಸಬಹುದು. ಕಾಯದೆ ಕೈಯಾಗ ಐತಿ. ಹಬ್ಬದ ದಿನ ಅದನ್ನ ಕಾಲಿನಿಂದ ಒದ್ದು, ಮೊಬೈಲಿನ ಸ್ಟೇಟಸ್‌ನಾಗ ತಿರಂಗಾ ಹಾಕಿದ್ರ ಏನು ಬಂತು?

ಹಂಗಾದ್ರ ಪೂರಾ ನಮ್ಮದು ಯಾವುದು? ತಮ್ಮಾ, ಅದನ್ನ ನಿಮ್ಮವ್ವ ನಿನ್ನೆ ರಾತ್ರಿ ನೆನಿಯಾಕ ಇಟ್ಟಾಳ. ಅಂಬಲಿ.

ನಾಚಣಿ ಹಿಟ್ಟು, ಅಂದ್ರ ರಾಗಿ ಹಿಟ್ಟು, ಮಜ್ಜಿಗಿಯಾಗ ಕಲಸಿ ಮಣ್ಣಿನ ಮಡಕಿಯಾಗ ರಾತ್ರಿ ಇಡಬೇಕು. ಮುಂಜಾನಿಗೆ ಅದು ಹುಳಿತು ಸಣ್ಣಗ ಉಬ್ಬಿರತೈತಿ. ಕುದಿಯೂ ನೀರಿಗೆ ಹಾಕಿ, ಗಂಟಾಗದಂಗ ತಿರುವಿ, ಜೋಳದ ನುಚ್ಚು ಬೇಕಾದ್ರ ಹಾಕಿ, ಉಪ್ಪು, ಜೀರಿಗಿ, ಜಜ್ಜಿದ ಬೆಳ್ಳುಳ್ಳಿ. ಮಳಿಯಾಗ ಬಿಸಿಬಿಸಿ, ಬ್ಯಾಸಿಗಿಯಾಗ ಆರಿಸಿ ಮಜ್ಜಿಗಿ ಸುರುವಿ. ಬಿಯರ್ ಹುಳಿಸಿದ್ದೇ, ಅಂಬಲಿನೂ ಹುಳಿಸಿದ್ದೇ. ಒಂದು ಕುಡಿದವ ಗಟಾರದಾಗ ಬೀಳತಾನ, ಒಂದು ಕುಡಿದವ ಹೊಲಕ್ಕ ಹೋಗತಾನ. ಬೀಜ ನಮ್ಮದು, ಬೀಸೂ ಕಲ್ಲು ನಮ್ಮದು, ಕುದಿಸೂ ಕೈ ನಮ್ಮದು. ನಮ್ಮ ಆಜರೆ ತಾಲೂಕಿನ ಗುಡ್ಡದ ಹೊಲದಾಗ ನಾಚಣಿ ತಾನಾಗಿ ಬರತೈತಿ. ನೂರು ಗ್ರಾಂ ನಾಚಣಿಯಾಗ ಮುನ್ನೂರು ಮಿಲಿಗ್ರಾಂಕ್ಕೂ ಮಿಕ್ಕಿ ಕ್ಯಾಲ್ಸಿಯಂ ಐತಿ, ಹುಡುಗರ ಎಲುಬಿಗೆ ಬೇಕಾದದ್ದು. ನಮ್ಮ ದೇಶ ಕೇಳಿಕೊಂಡಿದ್ದಕ್ಕ ವಿಶ್ವಸಂಸ್ಥೆಯವರು 2023ನ್ನ ಸಿರಿಧಾನ್ಯದ ವರ್ಷ ಅಂತ ಸಾರಿದ್ರು. ಜಗತ್ತು ಕೈ ಮುಗೀತು. ನಾವು ಮಾತ್ರ ಹಿತ್ತಲ ಗಿಡ ಮದ್ದಲ್ಲ ಅಂದ್ವಿ.

ಯಾಕ ಹಿಂಗ? ನಾಚಿಗಿ. ಅಂಬಲಿ ಅಂದ್ರ ಬಡತನ ಅನ್ನೂ ಲೆಕ್ಕ. "ಅಂಬಲಿ ಕುಡಿಯೋವಗ ಮೀಸಿ ತಿಕ್ಕೋವನೊಬ್ಬ" ಅಂತ ಗಾದಿ ಮಾಡಿ ನಕ್ಕೀವಿ. ನನ್ನವ್ವ ಅಂಬಲಿ ಕುಡಿಸಿ ಐದು ಮಕ್ಕಳನ್ನ ಬೆಳಸಿದಳು, ಆದ್ರ ಬೀಗರು ಬಂದ್ರ ಮಡಕಿಯನ್ನ ಮೂಲ್ಯಾಗ ಸರಿಸಿ ಚಹಾ ಇಡತಿದ್ದಳು. ಅದೇ ಅಂಬಲಿ ಎಲ್ಲಮ್ಮನ ಎಡಿಗೆ ಆಗತೈತಿ. ಕೊಲ್ಲಾಪುರದ ರೇಣುಕಾ ಗುಡಿಗೆ ಅಂಬಲಿ ಯಾತ್ರಿಗೆ ಸಾವಿರಗಟ್ಟಲೆ ಮಂದಿ ಮಡಕಿ ಒಯ್ಯತಾರ. ದೇವಿಗೆ ನಡೆಯೂದು ದೇಶಕ್ಕ ಯಾಕ ನಡೆಯೂದಿಲ್ಲ?

ಇನ್ನು ಎದುರು ಮಾತುಗಳು. ಒಬ್ಬ ಮಾಸ್ತರರು ಅಂದ್ರು: "ಬಾಟಲಿ ಸೀಲ್ ಇರತೈತಿ, ಸ್ವಚ್ಛ. ಅಂಬಲಿಯಿಂದ ಹುಡುಗರ ಹೊಟ್ಟಿ ಕೆಟ್ರ ಜವಾಬ್ದಾರಿ ಯಾರದು?" ಮಾತು ತಳ್ಳಿಹಾಕೂವಂಥದ್ದಲ್ಲ. ನೀರು ಕುದಿಸಬೇಕು, ಪಾತ್ರಿ ಬಿಸಿನೀರಾಗ ತೊಳೀಬೇಕು, ಮುಂಜಾನಿ ಮಾಡಿದ್ದನ್ನ ಮುಂಜಾನಿಗೇ ಮುಗಿಸಬೇಕು. ಆದ್ರ ದಿನಾ ಮಧ್ಯಾಹ್ನ ಇದೇ ಸಾಲಿಯಾಗ ಖಿಚಡಿ ಬೇಯತೈತಿ. ಖಿಚಡಿಗೆ ಬಾರದ ಹೆದರಿಕಿ ಅಂಬಲಿಗೆ ಯಾಕ ಬಂತು?

ಇನ್ನೊಂದು ಮಾತು ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ, ನಾನು ಹೇಳತೀನಿ. "ಅಂಬಲಿ ಮಾಡಸ್ರಿ, ಆದ್ರ ಯಾರ ಮನಿಯಾಗ?" ಬಾಟಲಿಗೆ ಜಾತಿ ಇಲ್ಲ, ಅದಕ್ಕ ಎಲ್ಲರಿಗೂ ನಡೀತೈತಿ. ಮಡಕಿಗೆ ಜಾತಿ ಐತಿ. ಪರದೇಶದ ಯಂತ್ರ ತುಂಬಿದ್ದು ಚೊಕ್ಕ, ನಮ್ಮ ಊರ ಹೊರಗಿನ ಗಲ್ಲಿಯ ಅವ್ವ ಕಲಸಿದ್ದು ಮೈಲಿಗಿ! ನಮ್ಮ ದೇಶಭಕ್ತಿ ಇಲ್ಲಿಗೆ ಬಂದು ಕುಂಟತೈತಿ. ಮಾಸ್ತರರೇ, ಇದನ್ನ ಓದಿ ಸುಮ್ಮನಾಗಬ್ಯಾಡ್ರಿ.

ಇದಕ್ಕ ಉತ್ತರ ನಮ್ಮ ಜಿಲ್ಲೆಯಾಗೇ ನೂರು ವರ್ಷದ ಹಿಂದ ಕೊಟ್ಟಾಗೇತಿ. ಶಾಹೂ ಮಹಾರಾಜರ ಪಾಗಾದಾಗ ಗಂಗಾರಾಮ ಕಾಂಬಳೆ ಅನ್ನೂ ದಲಿತ ಕೆಲಸಗಾರ ಇದ್ದ. ನೀರಿನ ಹೌದು ಮುಟ್ಟಿದ ಅಂತ ಅವನಿಗೆ ಹೊಡೆದ್ರು. ಮಹಾರಾಜರು ಹೊಡೆದವರಿಗೆ ಶಿಕ್ಷಾ ಕೊಟ್ಟು ಅಷ್ಟಕ್ಕೇ ಬಿಡಲಿಲ್ಲ. ಗಂಗಾರಾಮನಿಗೆ ರೊಕ್ಕ ಕೊಟ್ಟು ಕೊಲ್ಲಾಪುರದಾಗ ಚಹಾದ ಹೋಟೆಲ್ ಹಾಕಿಸಿಕೊಟ್ರು. ಅದರ ಹೆಸರು ಸತ್ಯ ಸುಧಾರಕ. ಮಂದಿ ಹೋಗಲಿಲ್ಲ. ಆಗ ಮಹಾರಾಜರು ತಾವೇ ಗಾಡಿ ನಿಲ್ಲಿಸಿ ಅಲ್ಲಿ ಚಹಾ ಕುಡಿದ್ರು, ಜೋಡಿ ಇದ್ದ ದೊಡ್ಡ ಮಂದಿಗೂ ಕುಡಿಸಿದ್ರು. ರಾಜ ಕುಡಿದ ಮ್ಯಾಲೆ ಯಾರು ಬ್ಯಾಡ ಅಂತಾರ? ಯಾರ ಅಂಗಡಿಯಾಗ, ಯಾರ ಕೈಯಿಂದ ಕುಡೀತೀವಿ ಅನ್ನೂದು ಸಣ್ಣ ಮಾತಲ್ಲ ಅಂತ ಆ ಅರಸಗ ತಿಳಿದಿತ್ತು.

ಮೂರನೇ ಮಾತು: "ಆ ಕಂಪನಿಗಳು ನಮ್ಮ ದೇಶದಾಗೇ ಕಾರಖಾನಿ ಹಾಕ್ಯಾವ, ನಮ್ಮ ಮಂದಿಗೆ ಕೆಲಸ ಕೊಟ್ಟಾವ, ಟ್ಯಾಕ್ಸ್ ಕೊಡತಾವ." ಖರೆ. ನಾನು ಕಾರಖಾನಿ ಮುಚ್ಚರಿ ಅನ್ನಲಿಲ್ಲ. ವರ್ಷದ ಉಳಿದ ದಿನ ಯಾರು ಏನು ಕೊಳ್ಳತಾರೋ ಅವರ ಖುಷಿ. ನಾನು ಕೇಳೂದು ಝೆಂಡಾ ಏರೂ ದಿನ. ಆ ಝೆಂಡಾ ಎಲ್ಲಿಯದು ಗೊತ್ತೇನು? ಖಾದಿ ಝೆಂಡಾ ಹೊಲಿಯೂದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಾಗ, ಹೆಣ್ಣುಮಕ್ಕಳ ಕೈಯಾಗ. ಅದರ ಬಟ್ಟಿ ನೇಯೂದು ಬಾಗಲಕೋಟೆ ಕಡೆಯ ತುಳಸಿಗೇರಿಯಾಗ. ಒಂದು ಎಳಿ ತಪ್ಪಿದ್ರೂ ಝೆಂಡಾ ಪಾಸಾಗೂದಿಲ್ಲ. 2021ರ ಡಿಸೆಂಬರಿನಾಗ ನಿಯಮ ಬದಲಿಸಿ ಮಶೀನಿನ ಪಾಲಿಸ್ಟರ್ ಝೆಂಡಾಕ್ಕೂ ಪರವಾನಿಗಿ ಕೊಟ್ರು. ಅಂದಿನಿಂದ ಬೆಂಗೇರಿಯ ಅಕ್ಕಂದಿರ ಕೈಗೆ ಕೆಲಸ ಕಡಿಮಿ ಆತು. ಮ್ಯಾಲೆ ಅಗ್ಗದ ಪಾಲಿಸ್ಟರ್, ಕೆಳಗ ಪರದೇಶಿ ಬಾಟಲಿ. ನಡುವ ನಿಂತು ನಾನು ಸ್ವದೇಶಿ ಪದ ಹಾಡಬೇಕೇನು?

ಬರೇ ಬೈದು ಮುಗಿಸೂದು ಗೀಗೀ ಹಾಡಾವನ ರೀತಿ ಅಲ್ಲ. ಸವಾಲ್ ಹಾಕಿದವ ಜವಾಬೂ ಕೊಡಬೇಕು. ಮುನ್ನೂರು ಹುಡುಗರ ಸಾಲಿಯ ಲೆಕ್ಕ ಹೇಳತೀನಿ. ಮುನ್ನೂರು ಬಾಟಲಿ, ಇಪ್ಪತ್ತರಂಗ ಆರು ಸಾವಿರ ರೂಪಾಯಿ. ಅಂಬಲಿ ಆದ್ರ ಒಬ್ಬಗ ಒಂದು ದೊಡ್ಡ ವಾಟಗಾ, 200 ಮಿಲಿ, ಒಟ್ಟು ಅರವತ್ತು ಲೀಟರ್. ಐದು ಕಿಲೋ ನಾಚಣಿ ಹಿಟ್ಟು ಸಾಕು. 2024–25ರ ಬೆಂಬಲ ಬೆಲೆ ಕ್ವಿಂಟಲಿಗೆ 4290, ಬೀಸಿದ್ದೂ ಸೇರಿ ಮುನ್ನೂರು ಹಿಡೀರಿ. ಹದಿನೈದು ಲೀಟರ್ ಮಜ್ಜಿಗಿ, ಮೂವತ್ತರಂಗ ನಾನೂರೈವತ್ತು. ಬೆಳ್ಳುಳ್ಳಿ, ಜೀರಿಗಿ, ಉಪ್ಪು, ಕಟಿಗಿ ಇನ್ನೂರೈವತ್ತು. ಬಚತ್ ಗಟದ ಮೂರು ಹೆಣ್ಣುಮಕ್ಕಳಿಗೆ ನಾನೂರರಂಗ ಪಗಾರ ಸಾವಿರದಿನ್ನೂರು. ಒಟ್ಟು 2200. ಅಷ್ಟೂ ಊರಾಗೇ ಉಳೀತು. ಉಳಿದ 3800 ರೂಪಾಯಿಗೆ ವಾಚನಾಲಯಕ್ಕ ಪುಸ್ತಕ ತಗೋರಿ. ದಾನಿಯ ಹೆಸರನ್ನ ಪುಸ್ತಕದ ಮ್ಯಾಲೆ ಬರೀರಿ, ಖಾಲಿ ಬಾಟಲಿಗಿಂತ ಹೆಚ್ಚು ದಿನ ಬಾಳತೈತಿ.

ಜನವರಿ 26ಕ್ಕ ಗಾಣ ನಡದಿರತಾವ, ಆಗ ಕಬ್ಬಿನ ಹಾಲೂ ಆದೀತು. ಮೇ 1ಕ್ಕ ಮಜ್ಜಿಗಿ, ಇಲ್ಲಂದ್ರ ಅಂಬೋಲಿ ಘಟ್ಟದ ಕೆಳಗಿಂದ ಬರೂ ಕೋಕಂ. ಮರಾಠಿ ಮನಿಯಾಗ ಅದಕ್ಕ ಆಂಬೀಲ ಅಂತಾರ, ನಮ್ಮ ಮನಿಯಾಗ ಅಂಬಲಿ. ಗಡಿಯ ಜಗಳ ಆಡಾವರು ಆಡಲಿ, ಮಡಕಿ ಒಂದೇ.

ಕರಾರು ಮಾತ್ರ ಒಂದೈತಿ. ಹಿಟ್ಟು ಒಂದು ಗಲ್ಲಿಯಿಂದ ಬಂದ್ರ ಮಜ್ಜಿಗಿ ಇನ್ನೊಂದು ಗಲ್ಲಿಯಿಂದ, ಕಲಸೂ ಕೈ ಮೂರನೇ ಗಲ್ಲಿಯದು. ಮೊದಲನೇ ವಾಟಗಾ ಸರಪಂಚರು, ಎರಡನೇದು ದೊಡ್ಡ ಗುರೂಜಿ, ಎಲ್ಲರ ಎದುರಿಗೆ ಕುಡೀಬೇಕು. ಶಾಹೂ ಮಹಾರಾಜರು ಕುಡಿದಂಗ.

ಬರೂ ಜನವರಿ 26ಕ್ಕ ನಮ್ಮ ಉತ್ತೂರಾಗ ಯಾವ ಸಾಲಿ, ಯಾವ ತರುಣ ಮಂಡಳ ಇದನ್ನ ಮಾಡತೀನಿ ಅಂದ್ರೂ ಐದು ಕಿಲೋ ನಾಚಣಿ ನನ್ನ ಹೊಲದ್ದು. ಬಿದಾಗಿ ಬ್ಯಾಡ, ಬಂದು ಹಾಡತೀನಿ. ಬಾಟಲಿ ಇಳಿಯೂ ಕಡೆ ಹಾಡೂದಿಲ್ಲ ಅಂತ ಹೋದ ಆಗಸ್ಟಿಗೇ ಹೇಳಿ ಬಂದೀನಿ. ಮುದುಕ ಹಟಮಾರಿ ಅಂದ್ರಂತ. ಅನ್ನಲಿ. ಅವತ್ತು ಕೊಟ್ಟ ಬಾಟಲಿ ಇನ್ನೂ ನಮ್ಮ ಮಾಡದಾಗ ಹಂಗೇ ಐತಿ, ಸೀಲ್ ಒಡೆದಿಲ್ಲ. ಮಾಡಾಕ ಮುಂದ ಬಂದವರು ನಾಚಣಿ ಒಯ್ಯಾಕ ನಮ್ಮ ಮನಿಗೆ ಬರ್ರಿ, ಅದನ್ನೂ ತೋರಸ್ತೀನಿ.